ನೂರಕ್ಕೆ ಒಂದು ರೂಪಾಯಿ: ಶಿಡ್ಲಘಟ್ಟದ ಹುರಿ ಮಿಷನ್‌ವರೆಗೂ ಬಂದ ಟಿಡಿಎಸ್ ಕಥೆ

ಇವತ್ತಿನ ಎಪಿಸೋಡ್ ಒಂದು ರೂಪಾಯಿ ಬಗ್ಗೆ. ಕೆಲಸ ಮಾಡಿಕೊಟ್ಟವರಿಗೆ ದುಡ್ಡು ಕೊಡುವಾಗ ನೂರಕ್ಕೆ ಒಂದು ರೂಪಾಯಿ ಹಿಡಿದುಕೊಂಡು ಸರ್ಕಾರಕ್ಕೆ ಕಟ್ಟಬೇಕು ಅನ್ನೋ ನಿಯಮ ಇದೆ. ಟಿಡಿಎಸ್ ಅಂತ ಕರೀತೀವಿ. ಸಂಬಳದ ಟಿಡಿಎಸ್ ಕಥೆ ಬೇರೆ, ಅದು ಇವತ್ತು ಬೇಡ. ಸಣ್ಣ ವ್ಯಾಪಾರದವರು ತಮ್ಮ ಕೈಕೆಳಗಿನ ನೌಕರರಲ್ಲದ ಜನರಿಗೆ, ಅಂದ್ರೆ ಸ್ವಂತ ಮಿಷನ್, ಸ್ವಂತ ಗಾಡಿ, ಸ್ವಂತ ಕೈಚಳಕ ಇಟ್ಕೊಂಡು ಕೆಲಸ ಮಾಡಿಕೊಡೋರಿಗೆ ದುಡ್ಡು ಕೊಟ್ಟಾಗ ಹಿಡಿಯೋ ಆ ಒಂದು ರೂಪಾಯಿ. ಅದು ಎಲ್ಲಿ ಹುಟ್ತು, ಯಾರಿಗೋಸ್ಕರ ಹುಟ್ತು, ನಮ್ಮ ಚಿಕ್ಕಬಳ್ಳಾಪುರ ಜಿಲ್ಲೆಯ ಗಲ್ಲಿಗಳಿಗೆ ಹೇಗೆ ಬಂತು ಅಂತ ನೋಡೋಣ.

ಮೊದಲು ಒಂದು ಲೆಕ್ಕ. ಉದಾಹರಣೆಗೆ ಮಾತ್ರ. ಶಿಡ್ಲಘಟ್ಟದಲ್ಲಿ ಒಬ್ಬ ರೀಲರ್ ಇದಾರೆ ಅಂತಿಟ್ಕೊಳ್ಳಿ. ಗೂಡು ತಂದು, ಬೇಯಿಸಿ, ನೂಲು ಬಿಚ್ಚಿಸ್ತಾರೆ. ಆ ನೂಲನ್ನ ಹುರಿ ಮಾಡಿಕೊಡೋಕೆ ಪಕ್ಕದ ಬೀದಿಯಲ್ಲಿ ಸ್ವಂತ ಟ್ವಿಸ್ಟಿಂಗ್ ಮಿಷನ್ ಇರೋರೊಬ್ಬರಿಗೆ ಕೊಡ್ತಾರೆ. ಕೆಜಿಗೆ ಇಷ್ಟು ಅಂತ ಮಾತು. ತಿಂಗಳಿಗೆ 30,000 ರೂಪಾಯಿ ಕೆಲಸ ಆಗತ್ತೆ. ಏಪ್ರಿಲ್, ಮೇ, ಜೂನ್ ಮೂರೂ ತಿಂಗಳು ಪೂರ್ತಿ 30,000 ಸಿಕ್ತು. ಜುಲೈಯಲ್ಲಿ 28,800 ಮಾತ್ರ ಬಂತು.

"ಏನ್ ಭಾಯ್, 1,200 ಕಮ್ಮಿ ಇದ್ಯಲ್ಲ?"

"ಆಡಿಟರ್ ಹಿಡ್ಕೊಳ್ಳೋಕೆ ಹೇಳವ್ರೆ ಕಣಣ್ಣ."

"300 ತಾನೆ ಆಗ್ಬೇಕಾಗಿದ್ದು? 1,200 ಯಾಕೆ?"

ಯಾಕೆ ಅಂದ್ರೆ ನಿಯಮ ಇರೋದು ಹೀಗೆ. ಒಂದೇ ಸಲ ಕೊಡೋ ದುಡ್ಡು 30,000 ದಾಟಿದರೆ ಟಿಡಿಎಸ್ ಹಿಡಿಯಬೇಕು. ದಾಟದೇ ಇದ್ರೂ, ವರ್ಷದಲ್ಲಿ ಒಬ್ಬರಿಗೇ ಕೊಟ್ಟ ಒಟ್ಟು ಮೊತ್ತ 1 ಲಕ್ಷ ದಾಟಿದರೆ ಹಿಡಿಯಬೇಕು. ಜೂನ್‌ವರೆಗೆ 90,000 ಆಗಿತ್ತು. ಜುಲೈಯಲ್ಲಿ 1,20,000 ಆಯ್ತು. ಗೆರೆ ದಾಟಿದ ಮೇಲೆ ಹಿಂದಿನ ಮೂರು ತಿಂಗಳಿಗೂ ಸೇರಿಸಿ 1,200. ಕಾನೂನಿನ ಲೆಕ್ಕ ಸರಿಯಾಗೇ ಇದೆ. ಆದ್ರೆ ಮಿಷನ್ ಮನೆಯವರಿಗೆ ಅದನ್ನ ಯಾರೂ ಮೊದಲೇ ಹೇಳಿರಲ್ಲ. ಜಗಳ ಶುರುವಾಗೋದು ಅಲ್ಲಿ.

ಮಗ್ಗ ಎಣಿಸ್ತಿದ್ದ ಕಾಲ

ಹಳೇ ಮೈಸೂರು ಸೀಮೆಯಲ್ಲಿ ಮೊಹತರ್ಫಾ ಅಂತ ಒಂದು ತೆರಿಗೆ ಇತ್ತು. ಮಗ್ಗಕ್ಕೆ ಇಷ್ಟು, ಎಣ್ಣೆ ಗಾಣಕ್ಕೆ ಇಷ್ಟು, ಅಂಗಡಿಗೆ ಇಷ್ಟು. ನೀವು ಎಷ್ಟು ದುಡಿದ್ರಿ ಅಂತ ಯಾರೂ ಕೇಳ್ತಿರಲಿಲ್ಲ, ಕಣ್ಣಿಗೆ ಕಾಣೋ ವಸ್ತುವನ್ನ ಎಣಿಸ್ತಿದ್ರು. ಊರಿನ ಲೆಕ್ಕ ಬರೆಯೋಕೆ ಶಾನುಭೋಗರು ಇದ್ರು. ಯಾರ ಜಮೀನು ಎಷ್ಟು, ಯಾರು ಎಷ್ಟು ಬಾಕಿ, ಎಲ್ಲ ಅವರ ಕಡತದಲ್ಲಿ. ನಿಮ್ಮ ಹೆಸರು ಸರ್ಕಾರಕ್ಕೆ ಗೊತ್ತಾಗಬೇಕಾದ್ರೆ ಅದು ಶಾನುಭೋಗರ ಲೇಖನಿಯಿಂದಲೇ ಹೋಗಬೇಕಿತ್ತು.

ಇದನ್ನ ಯಾಕೆ ಹೇಳ್ತಿದೀನಿ ಅಂದ್ರೆ, ತೆರಿಗೆ ಇತಿಹಾಸದಲ್ಲಿ ಎಷ್ಟು ಪರ್ಸೆಂಟ್ ಅನ್ನೋ ಪ್ರಶ್ನೆಗಿಂತ ಲೆಕ್ಕ ಬರೆಯೋರು ಯಾರು ಅನ್ನೋ ಪ್ರಶ್ನೆ ದೊಡ್ಡದು. ಮಗ್ಗ ಎಣಿಸೋದು ಸುಲಭ, ಅದು ಮನೆಯಲ್ಲೇ ಇರತ್ತೆ. ಆದಾಯ ಎಣಿಸೋದು ಕಷ್ಟ, ಅದು ಕೈಯಿಂದ ಕೈಗೆ ಹೋಗ್ತಾ ಇರತ್ತೆ.

ಈ ಕಷ್ಟಕ್ಕೆ ಇಂಗ್ಲೆಂಡಿನವರು 1803ರಲ್ಲಿ ಒಂದು ಉಪಾಯ ಮಾಡಿದ್ರು. ದುಡ್ಡು ಪಡೆದವನನ್ನ ಹುಡುಕಿಕೊಂಡು ಹೋಗೋ ಬದಲು, ದುಡ್ಡು ಕೊಡೋನ ಹತ್ತಿರಾನೇ ತೆರಿಗೆ ಹಿಡಿಸೋದು. ನೀರು ಊರೆಲ್ಲ ಹರಡಿದ ಮೇಲೆ ತುಂಬಿಕೊಳ್ಳೋ ಬದಲು ತೂಬಿನ ಹತ್ತಿರಾನೇ ಕೊಡ ಇಟ್ಟ ಹಾಗೆ. ಭಾರತಕ್ಕೆ ಆದಾಯ ತೆರಿಗೆ ಬಂದಿದ್ದು 1860ರಲ್ಲಿ. 1857ರ ದಂಗೆಯ ಖರ್ಚು ತುಂಬಿಸೋಕೆ ಜೇಮ್ಸ್ ವಿಲ್ಸನ್ ತಂದಿದ್ದು. ಆಗಲೇ ಸರ್ಕಾರಿ ಸಂಬಳ, ಸರ್ಕಾರಿ ಸಾಲಪತ್ರದ ಬಡ್ಡಿ ಇವಕ್ಕೆ ಮೂಲದಲ್ಲೇ ಹಿಡಿಯೋ ಪದ್ಧತಿ ಇತ್ತು. 1922ರ ಕಾಯ್ದೆಯಲ್ಲೂ ಹೆಚ್ಚು ಕಡಿಮೆ ಹಾಗೇ, ಸಂಬಳ ಮತ್ತು ಬಡ್ಡಿ.

ನಮ್ಮ ಕಡೆ ಆಗ ಮೈಸೂರು ಸಂಸ್ಥಾನ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಎಲ್ಲಾ ಕೋಲಾರ ಜಿಲ್ಲೆ. ಸಂಸ್ಥಾನಕ್ಕೆ ತನ್ನದೇ ಆದಾಯ ತೆರಿಗೆ ಕಾಯ್ದೆ ಇತ್ತು, 1923ರದ್ದು. ಸ್ವಾತಂತ್ರ್ಯ ಬಂದ ಮೇಲೆ, 1950ರ ಏಪ್ರಿಲ್ 1ರಿಂದ, ಭಾರತದ ಆದಾಯ ತೆರಿಗೆ ಕಾಯ್ದೆ ಮೈಸೂರಿಗೂ ಅನ್ವಯ ಆಯ್ತು. ಅಲ್ಲಿಂದ ನಮ್ಮ ಕಥೆ ದೆಹಲಿ ಕಥೆ ಜೊತೆ ಸೇರಿಕೊಳ್ತದೆ.

ಶಾನುಭೋಗರು ಹೋದರು, 194ಸಿ ಬಂತು

1961 ನೆನಪಿಟ್ಕೊಳ್ಳಿ. ಆ ವರ್ಷ ಎರಡು ಕಾಯ್ದೆ ಆದವು. ಒಂದು, ಮೈಸೂರು ರಾಜ್ಯದ ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯ್ದೆ. ವಂಶಪಾರಂಪರ್ಯದ ಶಾನುಭೋಗಿಕೆ, ಪಟೇಲಿಕೆ ಎಲ್ಲಾ ಹೋಯ್ತು. 1963ರ ಫೆಬ್ರವರಿಯಲ್ಲಿ ಜಾರಿಗೆ ಬಂತು. ಇನ್ನೊಂದು, ಕೇಂದ್ರದ ಆದಾಯ ತೆರಿಗೆ ಕಾಯ್ದೆ. 1962ರ ಏಪ್ರಿಲ್‌ನಿಂದ ಜಾರಿ. ಎರಡಕ್ಕೂ ಸಂಬಂಧ ಇಲ್ಲ. ಆದ್ರೆ ಹಿಂತಿರುಗಿ ನೋಡಿದ್ರೆ ತಮಾಷೆಯಾಗಿದೆ. ಊರಿಗೊಬ್ಬ ಲೆಕ್ಕ ಬರೆಯೋರು ಹೋದ ಹೊತ್ತಿಗೇ, ಮುಂದೆ ಪ್ರತಿ ಅಂಗಡಿಯವನನ್ನೂ ಶಾನುಭೋಗ ಮಾಡೋ ಕಾಯ್ದೆ ಹುಟ್ಟಿತ್ತು.

ಅದು ಒಂದೇ ದಿನದಲ್ಲಿ ಆಗಲಿಲ್ಲ. 1972ರಲ್ಲಿ, ವೈ.ಬಿ. ಚವ್ಹಾಣ್ ಹಣಕಾಸು ಮಂತ್ರಿ ಆಗಿದ್ದಾಗ, ಆ ಕಾಯ್ದೆಗೆ 194ಸಿ ಅನ್ನೋ ಸೆಕ್ಷನ್ ಸೇರ್ತು. ಗುತ್ತಿಗೆದಾರರಿಗೆ ದುಡ್ಡು ಕೊಡುವಾಗ 2 ಪರ್ಸೆಂಟ್, ಗುತ್ತಿಗೆದಾರ ತನ್ನ ಕೆಳಗಿನ ಸಬ್ ಕಾಂಟ್ರಾಕ್ಟರ್‌ಗೆ ಕೊಡುವಾಗ 1 ಪರ್ಸೆಂಟ್ ಹಿಡೀಬೇಕು. ಹಿಡಿಯಬೇಕಾದೋರು ಯಾರು? ಸರ್ಕಾರ, ಪುರಸಭೆಯಂಥ ಸ್ಥಳೀಯ ಸಂಸ್ಥೆ, ನಿಗಮ, ಕಂಪನಿ. ಎಲ್ಲಾ ದೊಡ್ಡೋರು. ಲೆಕ್ಕಪತ್ರ ವಿಭಾಗ ಇರೋರು. ಎದುರಿಗೆ ಇದ್ದಿದ್ದು ರಸ್ತೆ, ಸೇತುವೆ, ಕಟ್ಟಡ ಕಟ್ಟೋ ಕಂಟ್ರಾಕ್ಟರ್‌ಗಳು. ಬಿಲ್ ಪಾಸ್ ಮಾಡಿಸ್ಕೊಂಡು ದುಡ್ಡು ತಗೊಂಡು ಲೆಕ್ಕ ತೋರಿಸದೇ ಹೋಗ್ತಾರೆ ಅನ್ನೋದು ಸರ್ಕಾರದ ಚಿಂತೆ. ರೇಷ್ಮೆ ಹುರಿ ಮಿಷನ್ ಆಗ ಯಾರ ತಲೆಯಲ್ಲೂ ಇರಲಿಲ್ಲ.

"ಕೆಲಸ" ಅಂದ್ರೆ ಏನು ಅನ್ನೋದ್ರ ಮೇಲೆ ಇಪ್ಪತ್ತು ವರ್ಷ ಗೊಂದಲ ಇತ್ತು. ಕಟ್ಟೋದು ಮಾತ್ರ ಕೆಲಸಾನಾ? ಹೊರೋದು, ತುಂಬೋದು? 1993ರಲ್ಲಿ ಸುಪ್ರೀಂ ಕೋರ್ಟ್ ಇದಕ್ಕೆ ಉತ್ತರ ಕೊಡ್ತು. ಪ್ರಕರಣ ಅಸೋಸಿಯೇಟೆಡ್ ಸಿಮೆಂಟ್ ಕಂಪನಿಯದ್ದು. ಆಗಿನ ಬಿಹಾರದ ಝಿಂಕ್‌ಪಾನಿ ಕಾರ್ಖಾನೆಯಲ್ಲಿ ಸಿಮೆಂಟ್ ಮೂಟೆ ಲೋಡ್ ಮಾಡೋಕೆ ಗುತ್ತಿಗೆ ಕೊಟ್ಟಿದ್ರು. ಕೋರ್ಟ್ ಹೇಳಿದ್ದರ ತಾತ್ಪರ್ಯ ಇಷ್ಟು: ಕಾಯ್ದೆ "ಯಾವುದೇ ಕೆಲಸ" ಅಂದಿದೆ, ಹಾಗಾದ್ರೆ ಯಾವುದೇ ಕೆಲಸ. ಕಟ್ಟಡದ ಗುತ್ತಿಗೆ ಮಾತ್ರ ಅಂತ ಕುಗ್ಗಿಸೋ ಹಾಗಿಲ್ಲ.

ಮೂಟೆ ಹೊರೋರ ಕೇಸಿನಿಂದ ಬಾಗಿಲು ದೊಡ್ಡದಾಯ್ತು. 1994ರಲ್ಲಿ ತೆರಿಗೆ ಇಲಾಖೆ ಒಂದು ಸುತ್ತೋಲೆ ಹೊರಡಿಸಿ ಲಾರಿ ಸಾಗಣೆ, ಜಾಹೀರಾತು, ವಕೀಲರು, ಡಾಕ್ಟರು ಎಲ್ಲರನ್ನೂ ಇದೇ ಸೆಕ್ಷನ್ನಿಗೆ ತರೋಕೆ ನೋಡ್ತು. ಕೋರ್ಟುಗಳಲ್ಲಿ ಜಗಳ ಆಯ್ತು. ಕೊನೆಗೆ 1995ರಲ್ಲಿ ಸಂಸತ್ತೇ ಸ್ಪಷ್ಟ ಮಾಡ್ತು. ಸಾಗಣೆ, ಜಾಹೀರಾತು, ಅಡುಗೆ ಕಂಟ್ರಾಕ್ಟ್ ಇವು 194ಸಿ ಒಳಗೆ. ವಕೀಲ, ಡಾಕ್ಟರ್, ಇಂಜಿನಿಯರ್, ಆಡಿಟರ್ ಇಂಥವರ ಫೀಸಿಗೆ 194ಜೆ ಅಂತ ಬೇರೆ ಸೆಕ್ಷನ್.

2007: ಜಿಲ್ಲೆ ಹುಟ್ಟಿದ ವರ್ಷ

ಇಷ್ಟೆಲ್ಲ ಆದ್ರೂ, ಸ್ವಂತ ಹೆಸರಲ್ಲಿ ವ್ಯಾಪಾರ ಮಾಡೋ ಒಬ್ಬ ವ್ಯಕ್ತಿ, ಅಂದ್ರೆ ನಮ್ಮ ಬೀದಿಯ ಮಾಲೀಕ, ಹೊರಗೇ ಇದ್ದ. 2002ರಲ್ಲಿ ಸಬ್ ಕಾಂಟ್ರಾಕ್ಟ್ ಕೊಡೋ ದೊಡ್ಡ ವಹಿವಾಟಿನ ವ್ಯಕ್ತಿಗಳು ಒಳಗೆ ಬಂದ್ರು. 2004ರಲ್ಲಿ ಕಾಯ್ದೆಗೆ ಹಲ್ಲು ಬಂತು. ಟಿಡಿಎಸ್ ಹಿಡಿಯಬೇಕಾದ ಕಡೆ ಹಿಡಿಯದೇ ಇದ್ರೆ, ಆ ಖರ್ಚನ್ನ ಖರ್ಚು ಅಂತಲೇ ಒಪ್ಪಲ್ಲ ಅನ್ನೋ ನಿಯಮ. ಆಮೇಲೆ 2007ರ ಜೂನ್ 1. ಆ ದಿನದಿಂದ, ಟ್ಯಾಕ್ಸ್ ಆಡಿಟ್ ಮಿತಿ ದಾಟಿದ ವಹಿವಾಟು ಇರೋ ಯಾವುದೇ ವ್ಯಕ್ತಿ ಅಥವಾ ಅವಿಭಕ್ತ ಕುಟುಂಬ, ತನ್ನ ವ್ಯಾಪಾರದ ಕೆಲಸಕ್ಕೆ ಗುತ್ತಿಗೆ ಕೊಟ್ರೆ ಟಿಡಿಎಸ್ ಹಿಡೀಬೇಕು. ಮಿತಿ ಆಗ 40 ಲಕ್ಷ. ಈಗ 1 ಕೋಟಿ.

ಅದೇ 2007ರಲ್ಲಿ ಕೋಲಾರದಿಂದ ಬೇರೆಯಾಗಿ ಚಿಕ್ಕಬಳ್ಳಾಪುರ ಜಿಲ್ಲೆ ಹುಟ್ಟಿತು. ಅಂದ್ರೆ ನಮ್ಮ ಜಿಲ್ಲೆಗೂ ಈ ನಿಯಮಕ್ಕೂ ಒಂದೇ ವಯಸ್ಸು.

ಒಂದು ಸಂಶಯ ಇಲ್ಲೇ ಬಗೆಹರಿಸಿಬಿಡೋಣ. ಇದು ವ್ಯಾಪಾರದ ಖರ್ಚಿಗೆ ಮಾತ್ರ. ಮಾಲೀಕರು ತಮ್ಮ ಮಗಳ ಮದುವೆಗೆ ಅಡುಗೆ ಭಟ್ಟರಿಗೆ ಕೊಟ್ಟ ದುಡ್ಡಿಗೆ 194ಸಿ ಇಲ್ಲ. ಸ್ವಂತ ಮನೆ ಕಟ್ಟೋ ಮೇಸ್ತ್ರಿಗೆ ಕೊಟ್ಟಿದ್ದಕ್ಕೂ ಇಲ್ಲ. ಅಂಥದ್ದು ವರ್ಷಕ್ಕೆ 50 ಲಕ್ಷ ದಾಟಿದ್ರೆ ಮಾತ್ರ 2019ರಿಂದ ಬೇರೆ ನಿಯಮ ಬಂದಿದೆ.

ಈಗ 1 ಕೋಟಿ ಅಂದ್ರೆ ನಿಮಗೆ ಏನನ್ಸತ್ತೆ? ದೊಡ್ಡ ಸಾಹುಕಾರ ಅನ್ಸತ್ತೆ. ಶಿಡ್ಲಘಟ್ಟದಲ್ಲಿ ಹಾಗಲ್ಲ. ಲೆಕ್ಕ ಹಾಕಿ ನೋಡೋಣ. ಒಂದು ಕೆಜಿ ಕಚ್ಚಾ ರೇಷ್ಮೆಗೆ ಸುಮಾರು 7 ಕೆಜಿ ಗೂಡು ಬೇಕು. ಒಂದು ಸಾಧಾರಣ ಘಟಕ ದಿನಕ್ಕೆ 60 ಕೆಜಿ ಗೂಡು ಬಿಚ್ಚತ್ತೆ, ಗೂಡು ಕೆಜಿಗೆ 500 ರೂಪಾಯಿ ಅಂತಿಟ್ಕೊಳ್ಳಿ. ದಿನಕ್ಕೆ 30,000. ವರ್ಷಕ್ಕೆ 300 ದಿನ ಕೆಲಸ ಅಂದ್ರೆ ಗೂಡಿಗೇ 90 ಲಕ್ಷ. ಅದರ ಮೇಲೆ ಸೌದೆ, ಕರೆಂಟು, ಕೂಲಿ, ಒಂಚೂರು ಲಾಭ ಸೇರಿಸಿ ನೂಲು ಮಾರಿದ್ರೆ 1 ಕೋಟಿ ದಾಟೇ ಬಿಡ್ತು. ದಿನಕ್ಕೆ ಕೈಗೆ ಬಂದಿದ್ದು ಎಂಟೂವರೆ ಕೆಜಿ ನೂಲು ಅಷ್ಟೆ. ಲಾಭದ ಅಂಚು ತೆಳು, ಗೂಡಿನ ರೇಟು ಒಂದು ವಾರ ಏರಿದ್ರೆ ಅದೂ ಹೋಯ್ತು. ಆದ್ರೆ ಕಾಯ್ದೆ ನೋಡೋದು ಲಾಭವನ್ನಲ್ಲ, ವಹಿವಾಟನ್ನ.

ಅದೇ ಒಂದು ಸಾಫ್ಟ್‌ವೇರ್ ಕನ್ಸಲ್ಟೆಂಟ್, ಕಚ್ಚಾ ಮಾಲು ಕೊಳ್ಳೋ ಗೋಜಿಲ್ಲ, ವರ್ಷಕ್ಕೆ 45 ಲಕ್ಷ ಫೀಸು ತಗೊಂಡ್ರೆ ವೃತ್ತಿಪರರ ಮಿತಿಯಾದ 50 ಲಕ್ಷದ ಒಳಗೇ ಇರ್ತಾರೆ. ಅವರು ಯಾರಿಗೂ ಟಿಡಿಎಸ್ ಹಿಡಿಯಬೇಕಾಗಿಲ್ಲ. ಕೈಯಲ್ಲಿ ಉಳಿಯೋ ದುಡ್ಡು ನೋಡಿದ್ರೆ ಯಾರು ದೊಡ್ಡೋರು ಅಂತ ನೀವೇ ಹೇಳಿ. ದುಬಾರಿ ಕಚ್ಚಾ ಮಾಲಿನ ಊರುಗಳನ್ನ ಈ ಗೆರೆ ಬೇಗ ಮುಟ್ಟತ್ತೆ.

ಇನ್ನೊಂದು ಮಾತು. ಗೂಡು ಮಾರುಕಟ್ಟೆಯಲ್ಲಿ ಗೂಡು ಕೊಂಡಿದ್ದಕ್ಕೆ 194ಸಿ ಬರಲ್ಲ, ಅದು ಖರೀದಿ. ಘಟಕದಲ್ಲೇ ಬಂದು ಬೇಸಿನ್ ಮುಂದೆ ಕೂತು ಕೆಲಸ ಮಾಡೋ ಕೂಲಿಯವರಿಗೂ ಬರಲ್ಲ, ಅವರದ್ದು ಸಂಬಳ. ಮಾಲು ನಮ್ಮದು, ಮಿಷನ್ ಅವರದ್ದು, ಹೊತ್ತು ಅವರದ್ದು, ರೇಟು ಕೆಜಿ ಲೆಕ್ಕ ಅಂತಾದಾಗ ಗುತ್ತಿಗೆ. ಹುರಿ ಮಿಷನ್ನವರು ಸಿಕ್ಕಿಹಾಕಿಕೊಳ್ಳೋದು ಅದಕ್ಕೇ.

ಚಿಂತಾಮಣಿ ಲಾರಿ, ಗೌರಿಬಿದನೂರು ಮೇಸ್ತ್ರಿ

2009ರ ಅಕ್ಟೋಬರ್‌ನಲ್ಲಿ ದರ ಸರಳ ಆಯ್ತು. ಕೆಲಸ ಮಾಡಿಕೊಡೋರು ವ್ಯಕ್ತಿ ಅಥವಾ ಅವಿಭಕ್ತ ಕುಟುಂಬ ಆದ್ರೆ 1 ಪರ್ಸೆಂಟ್, ಸಂಸ್ಥೆ ಕಂಪನಿ ಆದ್ರೆ 2 ಪರ್ಸೆಂಟ್. ನಮ್ಮ "ನೂರಕ್ಕೆ ಒಂದು" ಈಗಿನ ರೂಪದಲ್ಲಿ ಅಲ್ಲಿಂದ ಶುರು. ಕೋವಿಡ್ ಸಮಯದಲ್ಲಿ, 2020ರ ಮೇ 14ರಿಂದ 2021ರ ಮಾರ್ಚ್‌ವರೆಗೆ, ಅದನ್ನ 75 ಪೈಸೆಗೆ ಇಳಿಸಿದ್ದರು.

ಅದೇ 2009ರಲ್ಲಿ ಲಾರಿಯವರಿಗೆ ಒಂದು ವಿನಾಯಿತಿ ಬಂತು. ಚಿಂತಾಮಣಿ ಟೊಮೇಟೊ ಮಂಡಿಯನ್ನ ನೆನಪು ಮಾಡ್ಕೊಳ್ಳಿ. ಬಾಕ್ಸ್ ತುಂಬಿದ ಲಾರಿ ರಾತ್ರಿಯೇ ಹೊರಡಬೇಕು. ಡೀಸೆಲ್, ಟೋಲು ಕಳೆದ್ರೆ ಲಾರಿ ಮಾಲೀಕನಿಗೆ ಉಳಿಯೋದು ಕಮ್ಮಿ. ಒಟ್ಟು ಬಾಡಿಗೆ ಮೇಲೆ ಟಿಡಿಎಸ್ ಹಿಡಿದ್ರೆ ಉಳಿಕೆಯಲ್ಲಿ ದೊಡ್ಡ ಪಾಲೇ ಹೋಗತ್ತೆ. ಹಾಗಾಗಿ ಲಾರಿಯವರು ಪ್ಯಾನ್ ನಂಬರ್ ಕೊಟ್ರೆ ಸಾಕು, ಹಿಡಿಯೋ ಹಾಗಿಲ್ಲ ಅಂದ್ರು. 2015ರ ಜೂನ್‌ನಿಂದ ಅದನ್ನ ಬಿಗಿ ಮಾಡಿದ್ರು. ವರ್ಷದಲ್ಲಿ ಯಾವಾಗಲೂ 10ಕ್ಕಿಂತ ಹೆಚ್ಚು ಗೂಡ್ಸ್ ಗಾಡಿ ಇರಬಾರದು, ಹಾಗಂತ ಬರೆದುಕೊಡಬೇಕು, ಪ್ಯಾನೂ ಕೊಡಬೇಕು.

ಆದ್ರೆ ಗಮನಿಸಿ, ಟಿಡಿಎಸ್ ಹಿಡಿಯದೇ ಇದ್ರೂ ವರದಿ ತಪ್ಪಲ್ಲ. ಬಾಡಿಗೆ ಕೊಟ್ಟವರು ಮೂರು ತಿಂಗಳಿಗೊಮ್ಮೆ ಸಲ್ಲಿಸೋ ಲೆಕ್ಕದಲ್ಲಿ ಆ ಲಾರಿಯವರ ಪ್ಯಾನ್, ಕೊಟ್ಟ ಮೊತ್ತ ಬರೀಲೇಬೇಕು. ತೆರಿಗೆ ಸೊನ್ನೆ, ಹೆಸರು ಮಾತ್ರ ಹೋಗತ್ತೆ. ಸರ್ಕಾರಕ್ಕೆ ನಿಜವಾಗಿ ಬೇಕಾಗಿರೋದು ಏನು ಅಂತ ಈ ಲಾರಿ ವಿನಾಯಿತಿಯಲ್ಲೇ ಗೊತ್ತಾಗತ್ತೆ. ಅದಕ್ಕೆ ಬೇಕಾಗಿರೋದು ಹೆಸರು.

ಅಮೆರಿಕದಲ್ಲಿ ಇಡೀ ವ್ಯವಸ್ಥೆಯೇ ಹೀಗಿದೆ. ಅಲ್ಲಿ ನೌಕರರಲ್ಲದವರಿಗೆ ಕೆಲಸದ ದುಡ್ಡು ಕೊಟ್ರೆ ಸಾಮಾನ್ಯವಾಗಿ ಏನೂ ಹಿಡಿಯಲ್ಲ, 1099 ಅನ್ನೋ ಫಾರಂನಲ್ಲಿ ತಿಳಿಸ್ತಾರೆ. ಮಿತಿ 1954ರಿಂದ 600 ಡಾಲರ್ ಇತ್ತು, 2026ರ ಪಾವತಿಗಳಿಂದ 2,000 ಡಾಲರ್ ಆಗಿದೆ. ತೆರಿಗೆ ನಂಬರ್ ಕೊಡದೇ ಇದ್ರೆ ಮಾತ್ರ 24 ಪರ್ಸೆಂಟ್ ಹಿಡೀತಾರೆ. ನಮ್ಮಲ್ಲೂ 2010ರ ಏಪ್ರಿಲ್‌ನಿಂದ ಅಂಥದ್ದೇ ನಿಯಮ. ಪ್ಯಾನ್ ಇಲ್ಲ ಅಂದ್ರೆ 1 ಅಲ್ಲ, 20 ಪರ್ಸೆಂಟ್. ಪ್ಯಾನ್ ಇದ್ದೂ ಆಧಾರ್ ಜೊತೆ ಲಿಂಕ್ ಆಗದೇ ನಿಷ್ಕ್ರಿಯ ಆಗಿದ್ರೆ 2023ರ ಜುಲೈನಿಂದ ಅದಕ್ಕೂ ಇದೇ ಗತಿ. ನಮ್ಮ ಹುರಿ ಮಿಷನ್ನವರ ವರ್ಷದ 3,60,000ಕ್ಕೆ 3,600 ಹೋಗೋ ಜಾಗದಲ್ಲಿ 72,000 ಹೋಗತ್ತೆ.

ಇನ್ನು ಗೌರಿಬಿದನೂರು. ಕುಡುಮಲಕುಂಟೆ ಕೈಗಾರಿಕಾ ಪ್ರದೇಶದಂಥ ಕಡೆ ಕಂಪನಿಗಳು ಲೋಡಿಂಗ್, ಪ್ಯಾಕಿಂಗ್, ಕ್ಲೀನಿಂಗ್‌ಗೆ ಜನ ಬೇಕು ಅಂದ್ರೆ ಲೇಬರ್ ಕಂಟ್ರಾಕ್ಟರ್‌ಗೆ ಹೇಳೋದು ಎಲ್ಲಾ ಕೈಗಾರಿಕಾ ಪ್ರದೇಶಗಳ ರೂಢಿ. ಕೆಲಸಕ್ಕೆ ಜನ ಒದಗಿಸೋದೂ 194ಸಿ ಪ್ರಕಾರ "ಕೆಲಸ"ವೇ. ಕಂಪನಿ ಕಂಟ್ರಾಕ್ಟರ್ ಹೆಸರಲ್ಲಿ ಟಿಡಿಎಸ್ ಕಟ್ಟತ್ತೆ, ಅವನ ಹೆಸರು ದೆಹಲಿವರೆಗೂ ಹೋಗತ್ತೆ. ಅವನ ಕೆಳಗೆ ಒಬ್ಬ ಮೇಸ್ತ್ರಿ. ಮೇಸ್ತ್ರಿ ಕೆಳಗೆ ಹಳ್ಳಿಯಿಂದ ಬಂದ ಹತ್ತಿಪ್ಪತ್ತು ಜನ. ಅವರಿಗೆ ವಾರದ ಬಟವಾಡೆ ಕೈಗೇ ಸಿಕ್ಕಿದ್ರೆ ಅವರ ಹೆಸರು ಎಲ್ಲೂ ಇರಲ್ಲ. 1972ರ ಸೆಕ್ಷನ್ನಿಗೆ ಎರಡು ವರ್ಷ ಮೊದಲು, 1970ರಲ್ಲಿ, ಗುತ್ತಿಗೆ ಕಾರ್ಮಿಕರ ಕಾಯ್ದೆ ಬಂದಿತ್ತು. ಕಾರ್ಮಿಕರನ್ನ ಕಾಯೋಕೆ ಒಂದು ಪುಸ್ತಕ, ತೆರಿಗೆ ಕಾಯೋಕೆ ಇನ್ನೊಂದು ಪುಸ್ತಕ. ತೆರಿಗೆ ಪುಸ್ತಕ ಇವತ್ತು ಆನ್‌ಲೈನ್ ಆಗಿದೆ, ಒಂದು ರೂಪಾಯಿಗೂ ತಾಳೆ ಹಾಕತ್ತೆ. ಹಾಜರಿ ಪುಸ್ತಕಕ್ಕೆ ಅಂಥ ಭಾಗ್ಯ ಬಂದಿಲ್ಲ.

ಮಾಲೀಕರ ಪಾಡು

ಲೆಕ್ಕ ಬರೆಯೋರ ಕಡೆಯಿಂದಲೂ ನೋಡಬೇಕು. ಟಿಡಿಎಸ್ ಹಿಡಿಯೋಕೆ ಮೊದಲು ಟ್ಯಾನ್ ಅನ್ನೋ ನಂಬರ್ ತಗೋಬೇಕು. ಹಿಡಿದ ದುಡ್ಡನ್ನ ಮುಂದಿನ ತಿಂಗಳು 7ನೇ ತಾರೀಖಿನೊಳಗೆ ಕಟ್ಟಬೇಕು, ಮಾರ್ಚ್ ತಿಂಗಳದ್ದಕ್ಕೆ ಏಪ್ರಿಲ್ 30ರವರೆಗೆ ಟೈಮು. ಮೂರು ತಿಂಗಳಿಗೊಮ್ಮೆ ಪಟ್ಟಿ ಸಲ್ಲಿಸಬೇಕು. ಆಮೇಲೆ ಕೆಲಸ ಮಾಡಿದವರಿಗೆ ಸರ್ಟಿಫಿಕೇಟ್ ಕೊಡಬೇಕು. ಇದಕ್ಕೆಲ್ಲ ಆಡಿಟರ್ ಫೀಸು ಬೇರೆ. ಸರ್ಕಾರ ಈ ಕೆಲಸಕ್ಕೆ ಒಂದು ಪೈಸೆ ಕೂಲಿ ಕೊಡಲ್ಲ. ಶಾನುಭೋಗರಿಗಾದರೂ ಏನೋ ಒಂದು ಪ್ರತಿಫಲ ಇತ್ತು.

ಪಟ್ಟಿ ತಡ ಆದ್ರೆ 2012ರ ಜುಲೈನಿಂದ ದಿನಕ್ಕೆ 200 ರೂಪಾಯಿ ಫೀ. ಅದು ಟಿಡಿಎಸ್ ಮೊತ್ತವನ್ನ ಮೀರೋ ಹಾಗಿಲ್ಲ ಅನ್ನೋದಷ್ಟೇ ಸಮಾಧಾನ. ಕಂಪ್ಯೂಟರ್‌ನಿಂದ ನೋಟಿಸ್‌ಗಳು ಬಂದಾಗ ದೇಶದ ತುಂಬ ಸಣ್ಣ ವ್ಯಾಪಾರಿಗಳು ಕೋರ್ಟಿಗೆ ಹೋದ್ರು. 2016ರಲ್ಲಿ ನಮ್ಮ ಕರ್ನಾಟಕ ಹೈಕೋರ್ಟ್, 2015ರ ಜೂನ್ 1ಕ್ಕಿಂತ ಹಿಂದಿನ ಅವಧಿಗೆ ಆ ರೀತಿ ನೋಟಿಸ್ ಮೂಲಕ ಫೀ ವಸೂಲಿ ಮಾಡೋಕೆ ಕಾಯ್ದೆಯಲ್ಲಿ ಅಧಿಕಾರ ಇರಲಿಲ್ಲ ಅಂತ ಹೇಳ್ತು.

ಹಿಡಿಯೋದನ್ನೇ ಮರೆತರೆ? 2004ರ ನಿಯಮದಲ್ಲಿ ಇಡೀ ಖರ್ಚು ಹೋಗ್ತಿತ್ತು. 2014ರಲ್ಲಿ ಅದನ್ನ 30 ಪರ್ಸೆಂಟ್‌ಗೆ ಇಳಿಸಿದ್ರು. ಅಂದ್ರೆ 3,60,000 ಹುರಿ ಕೂಲಿಗೆ ಟಿಡಿಎಸ್ ಹಿಡಿಯದೇ ಇದ್ರೆ, 3,600 ರೂಪಾಯಿ ಮರೆವಿಗೆ 1,08,000 ರೂಪಾಯಿ ಲಾಭ ಅಂತ ರೀಲರ್ ತಲೆಗೆ ಬರತ್ತೆ. ಜುಲೈ ತಿಂಗಳ ಜಗಳದಲ್ಲಿ ರೀಲರ್ ಭಾಯ್ ಯಾಕೆ ಪಟ್ಟು ಹಿಡೀತಾರೆ ಅಂತ ಈಗ ಅರ್ಥ ಆಗಿರಬೇಕು.

ಆ 3,600 ಯಾರದ್ದು?

ಈಗ ಅಸಲಿ ಪ್ರಶ್ನೆ. ಮಿಷನ್ ಮನೆಯವರಿಗೆ ವರ್ಷಕ್ಕೆ 3,60,000 ಬಂತು. ಸಣ್ಣ ವ್ಯಾಪಾರಿಗಳಿಗೆ ಇರೋ ಅಂದಾಜು ಲಾಭದ ಸ್ಕೀಮಿನಲ್ಲಿ, ಬ್ಯಾಂಕ್ ಮೂಲಕ ಬಂದ ದುಡ್ಡಿಗೆ 6 ಪರ್ಸೆಂಟ್, ನಗದಿಗೆ 8 ಪರ್ಸೆಂಟ್ ಲಾಭ ಅಂತ ತೋರಿಸಿದ್ರೆ ಕನಿಷ್ಠ ನಿಯಮ ಪೂರೈಸಿದಂತೆ. ಅದಕ್ಕಿಂತ ಹೆಚ್ಚು ನಿಜವಾಗಿ ಉಳಿದಿದ್ರೆ ಅದನ್ನೇ ತೋರಿಸಬೇಕು. ಇಡೀ 3,60,000 ಲಾಭ ಅಂದ್ರೂ ಹೊಸ ಪದ್ಧತಿಯಲ್ಲಿ ಅವರಿಗೆ ಬರೋ ತೆರಿಗೆ ಸೊನ್ನೆ. ಹಾಗಾದ್ರೆ ಆ 3,600 ಪೂರ್ತಿ ಅವರದ್ದೇ. ಅದು ತೆರಿಗೆ ಅಲ್ಲ, ಸರ್ಕಾರದ ಹತ್ತಿರ ಇಟ್ಟಿರೋ ಅವರ ದುಡ್ಡು.

ವಾಪಸ್ ಬರಬೇಕಾದ್ರೆ ರಿಟರ್ನ್ ಸಲ್ಲಿಸಬೇಕು. ಅರ್ಜಿ ಹಾಕದೇ ಅದು ಬರಲ್ಲ. ತುಂಬ ಜನ "ತೆರಿಗೆ ಕಟ್ ಆಗಿದೆಯಲ್ಲ, ಮುಗೀತು" ಅಂದ್ಕೊಳ್ತಾರೆ. 3,600ಕ್ಕೋಸ್ಕರ ಆಡಿಟರ್‌ಗೆ ಸಾವಿರ ಕೊಟ್ಟು ಓಡಾಡೋದು ಯಾಕೆ ಅಂತ ಬಿಡೋರೂ ಇದಾರೆ. 1972ರಲ್ಲಿ ರಸ್ತೆ ಕಂಟ್ರಾಕ್ಟರ್ ಲೆಕ್ಕ ಮುಚ್ಚಿಡ್ತಾನೆ ಅಂತ ಮಾಡಿದ ನಿಯಮ, ಮುಚ್ಚಿಡೋಕೆ ಏನೂ ಇಲ್ಲದವರ ಜೇಬಿನಿಂದ ದುಡ್ಡು ಇಟ್ಟುಕೊಳ್ಳೋ ಪರಿಸ್ಥಿತಿ ಇದು.

ಆದ್ರೆ ಇನ್ನೊಂದು ಮುಖ ಇದೆ. ಮಿಷನ್ ಮನೆಯವರಿಗೆ ಸಂಬಳದ ಚೀಟಿ ಇಲ್ಲ. ಹೊಸ ಮಿಷನ್‌ಗೆ ಸಾಲ ಬೇಕು ಅಂತ ಬ್ಯಾಂಕಿಗೆ ಹೋದ್ರೆ ಮೊದಲ ಪ್ರಶ್ನೆ ಎರಡು ಮೂರು ವರ್ಷದ ರಿಟರ್ನ್ ಎಲ್ಲಿ ಅಂತ. ಅವರ ಪ್ಯಾನ್ ಮೇಲೆ ತಿಂಗಳು ತಿಂಗಳು ಬಿದ್ದಿರೋ ಎಂಟ್ರಿಗಳು, ಅವರು ವರ್ಷಕ್ಕೆ ಇಷ್ಟು ದುಡೀತಾರೆ ಅನ್ನೋದಕ್ಕೆ ಮೂರನೆಯವರು ಬರೆದ ಸಾಕ್ಷಿ. ಅದನ್ನ ರೀಲರ್ ಬರೆದಿದ್ದು, ಸರ್ಕಾರ ದಾಖಲು ಮಾಡಿದ್ದು. ಮೀಟರ್ ಬಡ್ಡಿಗೂ ಬ್ಯಾಂಕ್ ಬಡ್ಡಿಗೂ ಇರೋ ವ್ಯತ್ಯಾಸದ ಮುಂದೆ ಆ 3,600 ಚಿಕ್ಕದು. ಹೆಸರು ದಾಖಲಾಗೋದಕ್ಕೆ ಇಷ್ಟು ಬೆಲೆ ಇದೆ. ಹಾಗಾಗಿ ಹೆಸರು ತಪ್ಪಾಗಿ ದಾಖಲಾದರೆ, ಅಥವಾ ಆಗದೇ ಹೋದರೆ, ನಷ್ಟ ಎರಡು ಪಟ್ಟು.

ಇದು ನಮ್ಮಂಥವರಿಗೂ ಆಗತ್ತೆ. ನನಗೆ ಒಂದು ಸಲ ಬೆಂಗಳೂರಿನ ಏಜೆನ್ಸಿಯೊಂದು ಜಾಹೀರಾತಿನ ದುಡ್ಡು ಕೊಡುವಾಗ ಟಿಡಿಎಸ್ ಹಿಡಿದು ಕೊಡ್ತು. ತಿಂಗಳುಗಟ್ಟಲೆ ನನ್ನ ಖಾತೆಯಲ್ಲಿ ಎಂಟ್ರಿಯೇ ಇಲ್ಲ. ಬಿ.ಕಾಂ. ಓದಿದ್ದಕ್ಕೆ ಎಲ್ಲಿ ನೋಡಬೇಕು, ಏನು ಕೇಳಬೇಕು ಅಂತ ಗೊತ್ತಿತ್ತು. ಮೂರು ಮೇಲ್, ನಾಲ್ಕು ಫೋನ್ ಆದ್ಮೇಲೆ ಸರಿ ಮಾಡಿದ್ರು. ದಿನಕ್ಕೆ ಹನ್ನೆರಡು ಗಂಟೆ ಮಿಷನ್ ಸದ್ದಿನಲ್ಲಿ ಇರೋರು ಯಾರಿಗೆ ಮೇಲ್ ಹಾಕ್ತಾರೆ?

ಕಾನೂನು ಅವರ ಪರ ಒಂದು ಮಾತು ಹೇಳಿದೆ. 1961ರ ಕಾಯ್ದೆಯ 205ನೇ ಸೆಕ್ಷನ್ ಪ್ರಕಾರ, ಒಮ್ಮೆ ಹಿಡಿದ ಮೇಲೆ ಅದೇ ತೆರಿಗೆಯನ್ನ ಕೆಲಸ ಮಾಡಿದವರ ಹತ್ತಿರ ಮತ್ತೆ ಕೇಳೋ ಹಾಗಿಲ್ಲ. ಹಿಡಿದು ಕಟ್ಟದೇ ಇದ್ದ ಮಾಲೀಕರಿಗೆ ಅದೇ ಕಾಯ್ದೆಯಲ್ಲಿ 3 ತಿಂಗಳಿಂದ 7 ವರ್ಷದವರೆಗೂ ಜೈಲು ಬರೆದಿತ್ತು. ಆದ್ರೆ ರೀಫಂಡ್ ವಿಷಯಕ್ಕೆ ಬಂದ್ರೆ ಪೋರ್ಟಲ್ ತಾಳೆ ನೋಡೋದು ಎಂಟ್ರಿಯನ್ನ. ಎಂಟ್ರಿ ಇಲ್ಲ ಅಂದ್ರೆ ದುಡ್ಡು ನಿಲ್ಲತ್ತೆ.

ಈಗ ಏನು?

1961ರ ಕಾಯ್ದೆಗೆ ವಯಸ್ಸಾಯ್ತು. 2026ರ ಏಪ್ರಿಲ್ 1ರಿಂದ ಅದರ ಜಾಗಕ್ಕೆ 2025ರ ಹೊಸ ಆದಾಯ ತೆರಿಗೆ ಕಾಯ್ದೆ. ಐವತ್ತು ಚಿಲ್ಲರೆ ವರ್ಷ ಆಡಿಟರ್‌ಗಳ ಬಾಯಲ್ಲಿದ್ದ 194ಸಿ ಅನ್ನೋ ಹೆಸರು ಹೋಗಿ, ಸಂಬಳ ಬಿಟ್ಟು ಉಳಿದ ಟಿಡಿಎಸ್ ಎಲ್ಲಾ 393ನೇ ಸೆಕ್ಷನ್ನಿನ ಪಟ್ಟಿಯೊಳಗೆ ಸೇರಿದೆ. ನೂರಕ್ಕೆ ಒಂದು, 30,000, 1 ಲಕ್ಷ ಇವು ಹಾಗೇ ಇವೆ. ನಂಬರ್ ಬದಲಾಗಿದೆ, ಜುಲೈ ತಿಂಗಳ ಜಗಳ ಬದಲಾಗಿಲ್ಲ.

ಜಗಳ ತಪ್ಪಿಸೋಕೆ ದೊಡ್ಡ ಸುಧಾರಣೆ ಬೇಕಿಲ್ಲ. ಕೆಲಸ ಕೊಡೋರು ಏಪ್ರಿಲ್‌ನಲ್ಲೇ "ಈ ವರ್ಷ ಲಕ್ಷ ದಾಟೋ ಹಾಗಿದೆ, ಈಗಿಂದಲೇ ನೂರಕ್ಕೆ ಒಂದು ಹಿಡೀತೀನಿ, ರಿಟರ್ನ್ ಹಾಕಿದ್ರೆ ವಾಪಸ್ ಬರತ್ತೆ" ಅಂತ ಹೇಳಿದ್ರೆ ಅರ್ಧ ಮುಗೀತು. ಕೆಲಸ ಮಾಡೋರ ಮನೆಯಲ್ಲಿ ಸ್ಮಾರ್ಟ್‌ಫೋನ್ ಹಿಡಿದಿರೋ ನಿಮ್ಮಂಥ ಮಗ, ಮಗಳು ಇದ್ರೆ ಉಳಿದರ್ಧ ನಿಮ್ಮ ಕೆಲಸ. ಆದಾಯ ತೆರಿಗೆ ಪೋರ್ಟಲ್‌ನಲ್ಲಿ ಅಪ್ಪ ಅಥವಾ ಅಮ್ಮನ ಪ್ಯಾನ್‌ನಿಂದ ಲಾಗಿನ್ ಆಗಿ. ನಾವು ಇಷ್ಟು ದಿನ 26ಎಎಸ್ ಅಂತ ಕರೀತಿದ್ದ ತೆರಿಗೆ ಪಟ್ಟಿ ಮತ್ತು 2021ರಲ್ಲಿ ಬಂದ ಎಐಎಸ್, ಎರಡನ್ನೂ ತೆಗೆದು ನೋಡಿ. ಕೊಟ್ಟವರ ಹೆಸರು, ಮೊತ್ತ, ಹಿಡಿದಿದ್ದು, ಕಟ್ಟಿದ್ದು ಎಲ್ಲಾ ಅಲ್ಲಿರತ್ತೆ. ಇರಬೇಕಾದ್ದು ಇಲ್ಲ ಅಂದ್ರೆ ಮೊದಲು ಕೊಟ್ಟವರನ್ನೇ ಕೇಳಿ, ಪ್ಯಾನ್ ನಂಬರ್‌ನಲ್ಲಿ ಒಂದು ಅಕ್ಷರ ತಪ್ಪಿದ್ರೂ ಹೀಗಾಗತ್ತೆ. ಪಟ್ಟಿ ತಿದ್ದೋಕೆ ಅವರಿಗೆ ಅವಕಾಶ ಇದೆ. ಪ್ಯಾನ್ ಆಧಾರ್ ಲಿಂಕ್ ಆಗಿದೆಯಾ ಅಂತಲೂ ಅಲ್ಲೇ ನೋಡಿ.

ಮೊಹತರ್ಫಾ ಕಾಲದಲ್ಲಿ ಮಗ್ಗದ ಲೆಕ್ಕ ಕಡತಕ್ಕೆ ಹೋಗ್ತಿತ್ತು, ಆ ಕಡತ ನೇಕಾರನ ಕೈಗೆ ಸಿಗ್ತಿರಲಿಲ್ಲ. ಈಗ ನಮ್ಮ ಲೆಕ್ಕವನ್ನ ಪಕ್ಕದ ಬೀದಿಯವರು ಬರೀತಾರೆ, ಆದ್ರೆ ಓದೋಕೆ ನಮಗೂ ಹಕ್ಕಿದೆ. ಎರಡು ಶತಮಾನದ ಈ ಕಥೆಯಲ್ಲಿ ಕೆಲಸ ಮಾಡೋರಿಗೆ ಸಿಕ್ಕಿರೋ ಹೊಸ ವಸ್ತು ಅದೊಂದೇ. ಬಳಸಿಕೊಳ್ಳದೇ ಬಿಟ್ರೆ ನಷ್ಟ ನಮಗೇ.

ಹುರಿ ಮಿಷನ್, ಟೈಲರಿಂಗ್, ಲಾರಿ, ಶಾಮಿಯಾನ, ಯಾವುದೇ ಕೆಲಸ ಇರಲಿ, ನಿಮ್ಮ ಮನೆಯಲ್ಲಿ ಗುತ್ತಿಗೆ ಮೇಲೆ ದುಡಿಯೋರು ಇದ್ರೆ ಈ ಎಪಿಸೋಡ್ ಅವರಿಗೂ ಕೇಳಿಸಿ. ಮುಂದಿನ ವಾರ ಸಿಗೋಣ.